ಕಡೇಚೂರಿನಿಂದ ಯಾವ ಊರು ಹತ್ತಿರ?

ಯಾದಗಿರಿ ಜಿಲ್ಲೆಯ ಕಡೇಚೂರಿನ ಒಬ್ಬ ರೈತನ ಕೆಲಸಗಳು ಯಾವ ಯಾವ ಊರಿನಲ್ಲಿ ಬಿದ್ದಿವೆ ಎಂದು ಲೆಕ್ಕ ಹಾಕಿ ನೋಡಿ. ಜಮೀನಿನ ಕಾಗದಪತ್ರ ಯಾದಗಿರಿಯಲ್ಲಿ. ವಾರದ ಸಾಮಾನು ಸೈದಾಪುರದಲ್ಲಿ. ಹತ್ತಿಗೆ ಒಳ್ಳೆ ದರ ಬೇಕೆಂದರೆ ರಾಯಚೂರಿನ ಮಾರುಕಟ್ಟೆ. ಮಗಳು ಡಿಗ್ರಿ ಮುಗಿಸಿದರೆ ಪದವಿ ಕೊಡುವುದು ರಾಯಚೂರಿನ ವಿಶ್ವವಿದ್ಯಾಲಯ. ಆದರೆ ಲೋಕಸಭೆಗೆ ವೋಟು ಹಾಕುವುದು ಕಲಬುರಗಿ ಕ್ಷೇತ್ರಕ್ಕೆ, ಏಕೆಂದರೆ ಊರು ಗುರುಮಠಕಲ್ ವಿಧಾನಸಭಾ ಕ್ಷೇತ್ರದಲ್ಲಿದೆ. ಹೈಕೋರ್ಟ್ ಪೀಠ, ಪ್ರಾದೇಶಿಕ ಆಯುಕ್ತರು, ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ, ಎಲ್ಲವೂ ಕಲಬುರಗಿಯಲ್ಲೇ. ಮದುವೆ ಸೀರೆಗೆ ಗಡಿ ದಾಟಿ ತೆಲಂಗಾಣದ ನಾರಾಯಣಪೇಟೆಗೆ ಹೋದರೂ ಯಾರೂ ದೂರವೆನ್ನುವುದಿಲ್ಲ. ಇನ್ನು ಈ ಸೀಮೆಯಲ್ಲಿ ಹಾದುಹೋಗುವ ರೈಲಿನ ಬಗ್ಗೆ ಅರ್ಜಿ ಕೊಡಬೇಕಾದರೆ ವಿಭಾಗೀಯ ಕಚೇರಿ ಇರುವುದು ಆಂಧ್ರದ ಗುಂತಕಲ್ಲಿನಲ್ಲಿ.

ಒಂದೇ ಊರಿನ ಬದುಕು ಇಷ್ಟು ದಿಕ್ಕಿಗೆ ಹಂಚಿಹೋಗಿರುವಾಗ 'ಈ ಭಾಗಕ್ಕೆ ಕೇಂದ್ರ ಯಾವುದು' ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದು ಕಷ್ಟ. ಆದರೂ ಯಾದಗಿರಿ ಜಿಲ್ಲೆಯಲ್ಲಿ ಆ ಪ್ರಶ್ನೆ ತಣ್ಣಗಾದದ್ದೇ ಇಲ್ಲ. 2009ರ ಕೊನೆಗೆ ತೀರ್ಮಾನವಾಗಿ 2010ರಲ್ಲಿ ಜಿಲ್ಲೆ ಕೆಲಸ ಶುರು ಮಾಡಿದಾಗ ಇದ್ದದ್ದು ಮೂರೇ ತಾಲ್ಲೂಕು: ಯಾದಗಿರಿ, ಶಹಾಪುರ, ಸುರಪುರ. ಮೂರೂ ಹಳೆಯ ಊರುಗಳು, ಮೂರಕ್ಕೂ ತಮ್ಮದೇ ಹೆಮ್ಮೆ. 2011ರ ಜನಗಣತಿಯಲ್ಲಿ ಯಾದಗಿರಿ ಪಟ್ಟಣದ ಜನಸಂಖ್ಯೆ ಸುಮಾರು 74 ಸಾವಿರ. ಶಹಾಪುರ, ಸುರಪುರ ಎರಡೂ 50 ಸಾವಿರ ದಾಟಿದವು. ಅಂದರೆ ಮೂರರಲ್ಲಿ ಯಾವುದೂ ಉಳಿದೆರಡನ್ನು ನುಂಗುವಷ್ಟು ದೊಡ್ಡದಲ್ಲ. ಪೈಪೋಟಿ ಹುಟ್ಟುವುದೇ ಇಂಥ ಕಡೆ. ಹೋಟೆಲಿನಲ್ಲಿ ಚಹಾ ಮುಂದಿಟ್ಟುಕೊಂಡು ಕೂತರೆ ಕೇಳಿಬರುವ ಮಾತುಗಳೂ ಹಾಗೇ ಇವೆ. 'ಡಿಸಿ ಆಫೀಸ್ ಅಲ್ಲಿ ಇದ್ರೇನಾಯ್ತು, ವ್ಯಾಪಾರ ನಮ್ಮಲ್ಲೇ ಅದ' ಎನ್ನುವುದು ಶಹಾಪುರದ ಮಾತು. 'ರಾಜಧಾನಿ ಇದ್ದ ಊರು ತಾಲ್ಲೂಕಾಗಿ ಉಳೀತು ನೋಡ್ರಿ' ಎನ್ನುವುದು ಸುರಪುರದ್ದು. 'ರೈಲು ನಮ್ಮಲ್ಲಿ ಅದ, ಜಿಲ್ಲಾ ನಮ್ಮಲ್ಲಿ ಅದ, ರೊಕ್ಕ ಮಾತ್ರ ಹೊಳಿ ಆಚೆ ಅದ' ಎನ್ನುವುದು ಯಾದಗಿರಿಯದು.

ಕೊನೆಯ ಮಾತಿನಲ್ಲಿ ಬರುವ ಹೊಳೆಯನ್ನು ಅರ್ಥ ಮಾಡಿಕೊಂಡರೆ ಅರ್ಧ ಕಥೆ ತಿಳಿದಂತೆ. ಭೀಮಾ ನದಿ ಈ ಜಿಲ್ಲೆಯನ್ನು ಎರಡು ಹೋಳು ಮಾಡುತ್ತದೆ. ಅದರ ಪಶ್ಚಿಮಕ್ಕೆ, ಕೃಷ್ಣೆ ಮತ್ತು ಭೀಮೆಯ ನಡುವೆ, ಸಗರನಾಡು: ಸುರಪುರ, ಶಹಾಪುರ, ಈಚೆಗೆ ತಾಲ್ಲೂಕುಗಳಾದ ಹುಣಸಗಿ, ವಡಗೇರಾ. ಪೂರ್ವಕ್ಕೆ ಯಾದಗಿರಿ, ಗುರುಮಠಕಲ್, ಸೈದಾಪುರ, ಕಡೇಚೂರು. ರೈಲು ಪೂರ್ವದ ದಡದಲ್ಲಿ, ಕಾಲುವೆ ಪಶ್ಚಿಮದ ದಡದಲ್ಲಿ. ನೂರೈವತ್ತು ವರ್ಷಗಳಲ್ಲಿ ಈ ಭಾಗಕ್ಕೆ ಬಂದ ಎರಡು ದೊಡ್ಡ ಬಂಡವಾಳಗಳು ಹೊಳೆಯ ಎರಡು ದಡ ಹಿಡಿದು ಕೂತವು, ಒಂದಕ್ಕೊಂದು ಕೂಡಿಕೊಳ್ಳಲಿಲ್ಲ.

ಅದಕ್ಕೂ ಮೊದಲು ಇಲ್ಲಿ ಪ್ರಶ್ನೆಯೇ ಇರಲಿಲ್ಲ, ಕೇಂದ್ರವೆಂದರೆ ಸುರಪುರ. ಬೇಡ ನಾಯಕರ ಸಂಸ್ಥಾನ ಎಷ್ಟು ಗಟ್ಟಿಯಾಗಿತ್ತೆಂದರೆ ಮುದಿ ಔರಂಗಜೇಬ ತನ್ನ ಕಡೆಯ ದೊಡ್ಡ ಮುತ್ತಿಗೆಯನ್ನು ಇದೇ ನಾಯಕರ ವಾಗಣಗೇರಾ ಕೋಟೆಯ ಮೇಲೆ 1705ರಲ್ಲಿ ನಡೆಸಬೇಕಾಯಿತು. ವಾಗಣಗೇರಾ ಹೋದ ಮೇಲೆ ಗುಡ್ಡಗಳ ನಡುವಿನ ಸುರಪುರ ರಾಜಧಾನಿಯಾಯಿತು. ಅರಮನೆಯಿದ್ದಲ್ಲಿ ಸೈನಿಕರಿದ್ದರು, ಕುಶಲಕರ್ಮಿಗಳಿದ್ದರು, ಚಿನ್ನದ ರೇಖೆಗಳ ಚಿತ್ರ ಬರೆಯುವ ಕಲಾವಿದರಿದ್ದರು, ಸಾಲ ಕೊಡುವ ಸಾಹುಕಾರರಿದ್ದರು. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಬ್ರಿಟಿಷರ ಪರವಾಗಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಇನ್ನೂ ಆ ಗುಡ್ಡದ ಮೇಲಿದೆ. 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ಆ ತರುಣ ರಾಜ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಒಪ್ಪಿಸಲಾಯಿತು. ಅಲ್ಲಿಂದ ಊರು ತನ್ನ ಕೈಯಲ್ಲಿಲ್ಲದ ತೀರ್ಮಾನಗಳಿಗೆ ತಲೆಬಾಗುತ್ತ ಬಂತು. ಕೆಲಕಾಲ ಲಿಂಗಸುಗೂರು ಜಿಲ್ಲೆಯಲ್ಲಿತ್ತು. 1905ರಲ್ಲಿ ಆ ಜಿಲ್ಲೆಯನ್ನೇ ಒಡೆದು ಸುರಪುರ, ಶಹಾಪುರಗಳನ್ನು ಗುಲಬರ್ಗಾಕ್ಕೆ (ಇಂದಿನ ಕಲಬುರಗಿಗೆ) ಸೇರಿಸಿದರು. ಒಂದು ಕಾಲದ ಜಿಲ್ಲಾ ಕೇಂದ್ರ ಲಿಂಗಸುಗೂರು ಇವತ್ತು ರಾಯಚೂರಿನ ಒಂದು ತಾಲ್ಲೂಕು. ನಕ್ಷೆಯ ಮೇಲೆ ಗೆರೆ ಎಳೆದು ಮಾಡಿದ ಕೇಂದ್ರವನ್ನು ಇನ್ನೊಂದು ಗೆರೆ ಎಳೆದು ಅಳಿಸಬಹುದು ಎನ್ನುವುದನ್ನು ಈ ಸೀಮೆ ಕಣ್ಣಾರೆ ಕಂಡಿದೆ.

ರೈಲು ಹಾಗಲ್ಲ. ಮುಂಬೈ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ವಾಡಿಯಿಂದ ಕೃಷ್ಣಾ ಸೇತುವೆಯವರೆಗೆ ಆ ಹಳಿ ಭೀಮೆಯನ್ನು ದಾಟದೆ ಪೂರ್ವ ದಡದಲ್ಲೇ ಸಾಗಿತು. ಸುರಪುರ, ಶಹಾಪುರ ಹೊಳೆಯಾಚೆ ಉಳಿದವು. ಯಾದಗಿರಿ ಸ್ಟೇಷನ್ ಊರಾಯಿತು. ಆ ಮೇಲೆ ಯಾವ ಸರ್ಕಾರ ಬಂದರೂ ಹೋದರೂ ಶೇಂಗಾ, ತೊಗರಿ, ಹತ್ತಿ ಮೂಟೆಗಳು ಸ್ಟೇಷನ್ ಇದ್ದ ಕಡೆಗೇ ಹೋದವು. ಇದೇ ಹಳಿಯ ಮೇಲಿನ ಸೈದಾಪುರ ಸ್ಟೇಷನ್ನಿಗೆ ಹಿಂದೆ ನಾರಾಯಣಪೇಟ ರೋಡ್ ಎಂಬ ಹೆಸರಿತ್ತು. ಹಳ್ಳಿಯ ಹೆಸರಿಗಿಂತ ಸರಕು ಹೋಗುವ ಪೇಟೆಯ ಹೆಸರು ಮುಖ್ಯವೆನಿಸಿದ ಕಾಲ ಅದು. ಕಡೇಚೂರಿನ ಹಿರಿಯರಿಗೆ ಗಡಿಯಾಚೆಯ ತೆಲುಗು ಪೇಟೆ ಪರಕೀಯ ಅನ್ನಿಸದಿರುವುದಕ್ಕೆ ಈ ಹಳೆಯ ಒಡನಾಟವೇ ಕಾರಣ. ನಿಜಾಮನ ಆಳ್ವಿಕೆಯಲ್ಲಿ ಎರಡೂ ಒಂದೇ ರಾಜ್ಯದ ಊರುಗಳು.

ಹೊಳೆಯಾಚೆಗೆ ಸರದಿ ಬಂದದ್ದು ನೂರು ವರ್ಷದ ನಂತರ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ಎಂಬತ್ತರ ದಶಕದಲ್ಲಿ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ಹರಿಯಿತು. ಜೋಳ, ಸಜ್ಜೆಯ ಹೊಲಗಳಲ್ಲಿ ಭತ್ತ ಬಂತು. ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಕ್ಯಾಂಪ್‌ಗಳನ್ನು ಕಟ್ಟಿಕೊಂಡರು. ಶಹಾಪುರದ ಪಕ್ಕದ ಭೀಮರಾಯನಗುಡಿ ನೀರಾವರಿ ಇಲಾಖೆಯ ಕಾಲೊನಿಯಾಗಿ ಬೆಳೆಯಿತು, ಮುಂದೆ ಅಲ್ಲೇ ಕೃಷಿ ಕಾಲೇಜೂ ಆಯಿತು. ರೈಲಿಲ್ಲದ ಶಹಾಪುರ ವ್ಯಾಪಾರದಲ್ಲಿ ಎದ್ದುನಿಂತದ್ದು ಈ ನೀರಿನಿಂದ. ಕಾಲುವೆ ಭೀಮೆಯನ್ನು ದಾಟಲಿಲ್ಲ; ಯಾದಗಿರಿ ಕಡೆಗೆ ಹತ್ತಿಕುಣಿ, ಸೌದಾಗರ್‌ನಂಥ ಸಣ್ಣ ಜಲಾಶಯಗಳು, ಕೆರೆಗಳು, ಮಳೆ, ಅಷ್ಟೇ. ಅಂದಹಾಗೆ, ಹೊಳೆಯಾಚೆಯವರೆಲ್ಲ ನೀರು ಕಂಡರು ಎಂದೂ ಹೇಳುವಂತಿಲ್ಲ. ಕಾಲುವೆಯ ಕೊನೆಯ ಭಾಗದ ರೈತರು ಇವತ್ತಿಗೂ ಬೇಸಿಗೆ ಬೆಳೆಗೆ ನೀರು ಬಿಡಿ ಎಂದು ರಸ್ತೆಗೆ ಇಳಿಯುತ್ತಾರೆ.

ಹೀಗೆ ಸುರಪುರಕ್ಕೆ ಇತಿಹಾಸ, ಯಾದಗಿರಿಗೆ ರೈಲು, ಶಹಾಪುರಕ್ಕೆ ನೀರು. ಇದರ ಮೇಲೆ 2010ರಲ್ಲಿ ಜಿಲ್ಲಾ ಕಚೇರಿಗಳು ಬಂದವು. ಕಚೇರಿ ಒಂದೇ ಬರುವುದಿಲ್ಲ. ಜಿಲ್ಲಾ ನ್ಯಾಯಾಲಯ ಬಂದರೆ ವಕೀಲರು ಬಾಡಿಗೆ ಮನೆ ಹಿಡಿಯುತ್ತಾರೆ. ವಕೀಲರಿದ್ದಲ್ಲಿ ಟೈಪಿಂಗ್, ಜೆರಾಕ್ಸ್, ಸ್ಟಾಂಪು ಮಾರುವವರು. ಅಧಿಕಾರಿಗಳ ಮಕ್ಕಳಿಗಾಗಿ ಇಂಗ್ಲಿಷ್ ಶಾಲೆ, ಟ್ಯೂಷನ್. ಸರ್ಕಾರಿ ಆಸ್ಪತ್ರೆ ಜಿಲ್ಲಾಸ್ಪತ್ರೆಯಾದರೆ ಸುತ್ತ ಲ್ಯಾಬು, ಸ್ಕ್ಯಾನಿಂಗ್, ಔಷಧದ ಅಂಗಡಿ. ಸೈಟಿನ ದರ ಏರುತ್ತದೆ. ಈಗ ಯಾದಗಿರಿಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಕಚೇರಿ ಸಿಗದ ಊರಿಗೆ ಹೊಟ್ಟೆ ಉರಿಯುತ್ತದೆ ಎಂದರೆ ಅದು ಬರೀ ಪ್ರತಿಷ್ಠೆಯ ಮಾತಲ್ಲ. ಅಲ್ಲಿಯ ಒಬ್ಬ ಸೈಟು ಮಾಲೀಕ, ಒಬ್ಬ ಹೋಟೆಲಿನವ, ಒಬ್ಬ ವಕೀಲ ನಿಜವಾಗಿ ಏನನ್ನೋ ಕಳೆದುಕೊಂಡಿರುತ್ತಾನೆ. ಆದರೆ ಈ ಲೆಕ್ಕದಲ್ಲಿ ಕಡೇಚೂರಿನಂಥ ಊರಿನ ಕೂಲಿಕಾರನ ಹೆಸರು ಎಲ್ಲಿಯೂ ಇಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಕಡೇಚೂರಿಗೂ ಒಂದು ದೊಡ್ಡ ಭಾಗ್ಯ ಬರುತ್ತದೆ ಎಂದು ಹೇಳಲಾಗಿತ್ತು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕಡೇಚೂರು, ಬಾಡಿಯಾಳ ಸೀಮೆಯಲ್ಲಿ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಸ್ವಾಧೀನ ಮಾಡಿಕೊಂಡಿತು. ಹತ್ತಿರದಲ್ಲೇ ರೈಲು, ರಾಯಚೂರು ದೂರವಲ್ಲ, ಹೈದರಾಬಾದ್ ಒಂದು ಹಗಲಿನ ದಾರಿಯೊಳಗೆ. ಗುರುಮಠಕಲ್‌ನಿಂದ ದಶಕಗಳ ಕಾಲ ಶಾಸಕರಾಗಿದ್ದ ಮಲ್ಲಿಕಾರ್ಜುನ ಖರ್ಗೆ ರೈಲ್ವೆ ಸಚಿವರಾಗಿದ್ದಾಗ, 2014ರಲ್ಲಿ, ಇಲ್ಲಿ ರೈಲ್ವೆ ಬೋಗಿ ಫ್ರೇಮ್ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಪ್ರಯಾಣಿಕರ ಡಬ್ಬಿಯ ಕೆಳಗೆ ಗಾಲಿಗಳನ್ನು ಹಿಡಿದಿಡುವ ಉಕ್ಕಿನ ಚೌಕಟ್ಟು ತಯಾರಾಗುವ ಜಾಗ ಅದು. ಆಮೇಲೆ ಔಷಧ ಮತ್ತು ರಾಸಾಯನಿಕ ಘಟಕಗಳು ಒಂದೊಂದಾಗಿ ಬಂದವು. ಕೇಂದ್ರ ಸರ್ಕಾರ 2020ರಲ್ಲಿ ಬಲ್ಕ್ ಡ್ರಗ್ ಪಾರ್ಕ್ ಯೋಜನೆ ಪ್ರಕಟಿಸಿದಾಗ ಕಡೇಚೂರಿನ ಹೆಸರೂ ಓಡಾಡಿತು. 2022ರಲ್ಲಿ ಅದು ಹಿಮಾಚಲ, ಗುಜರಾತ್ ಮತ್ತು ಆಂಧ್ರದ ಪಾಲಾಯಿತು.

ಭೂಮಿ ಕೊಟ್ಟ ಊರುಗಳಿಗೆ ಇದರಿಂದ ಬಂದದ್ದೇನು? ಪರಿಹಾರದ ಹಣ ಬಂತು, ಮನೆ ಕಟ್ಟಿದರು, ಮದುವೆ ಮಾಡಿದರು, ಹಣ ಮುಗಿಯಿತು. ಕೆಲಸಕ್ಕೆ ಹೋದವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಗುತ್ತಿಗೆದಾರನ ಕೈಕೆಳಗಿನ ಲೋಡಿಂಗ್, ಸ್ವಚ್ಛತೆ, ಕಾವಲು. ವೆಲ್ಡಿಂಗ್ ಗೊತ್ತಿರುವ ಐಟಿಐ ಹುಡುಗ, ಕೆಮಿಸ್ಟ್ರಿ ಓದಿದ ಪದವೀಧರ ಬೇಕಾದಾಗ ಕಂಪನಿಗಳು ಹೊರಗೆ ನೋಡಿದವು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ರ ಆಸುಪಾಸು, ರಾಜ್ಯದಲ್ಲೇ ಕೊನೆ. ಮೊದಲು ಶಾಲೆ, ಆಮೇಲೆ ಕಾರ್ಖಾನೆ ಎಂಬ ಕ್ರಮ ಇಲ್ಲಿ ತಲೆಕೆಳಗಾಯಿತು. ಪಾಳಿ ಮುಗಿದ ಹೊತ್ತಿಗೆ ಗೇಟಿನ ಹೊರಗೆ ನಿಂತು ನೋಡಿದರೆ ಸಾಕು: ಮೇಲ್ವಿಚಾರಕರನ್ನು, ತಂತ್ರಜ್ಞರನ್ನು ಹೊತ್ತ ಗಾಡಿಗಳು ಕೆಲವು ರಾಯಚೂರಿಗೆ, ಕೆಲವು ಯಾದಗಿರಿಗೆ ತಿರುಗುತ್ತವೆ, ಸಂಬಳ ಖರ್ಚಾಗುವುದು ಆ ಊರುಗಳ ಬಾಡಿಗೆ, ಶಾಲೆ, ಕಿರಾಣಿಯಲ್ಲಿ. ಕಡೇಚೂರಿನಲ್ಲಿ ಉಳಿಯುವುದು ರಾತ್ರಿಯ ಗಬ್ಬು ವಾಸನೆ. ಕೆಲವು ಘಟಕಗಳ ಹೊಗೆ ಮತ್ತು ತ್ಯಾಜ್ಯದ ಬಗ್ಗೆ ಕಡೇಚೂರು, ಸೈದಾಪುರ ಸುತ್ತಲಿನವರು ವರ್ಷಗಳಿಂದ ದೂರು ಕೊಡುತ್ತಲೇ ಬಂದಿದ್ದಾರೆ, ಪ್ರತಿಭಟನೆಗಳೂ ನಡೆದಿವೆ. ಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡು ಮಲಗಬೇಕಾದ ಮನೆಗಳ ಕಷ್ಟವನ್ನು ಅಭಿವೃದ್ಧಿಯ ಬೆಲೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಬೆಲೆ ತೆರುವವರು ಒಂದು ಕಡೆ, ಫಲ ಉಣ್ಣುವವರು ಇನ್ನೊಂದು ಕಡೆ ಇದ್ದಾರೆ.

ಕಾರ್ಖಾನೆ ಬಂದ ಮಾತ್ರಕ್ಕೆ ಊರು ಕೇಂದ್ರವಾಗುವುದಿಲ್ಲವಾದರೆ ಮತ್ತೆ ಯಾವುದರಿಂದ ಆಗುತ್ತದೆ? ರಾಯಚೂರಿನ ಹತ್ತಿ ಮಾರುಕಟ್ಟೆಗೆ ಹೋದರೆ ಉತ್ತರ ಕಣ್ಣೆದುರಿಗೇ ಇದೆ. ಸುಗ್ಗಿಯಲ್ಲಿ ಬೆಳಗಿನ ಜಾವಕ್ಕೇ ಟ್ರ್ಯಾಕ್ಟರುಗಳು ಸಾಲು ನಿಂತಿರುತ್ತವೆ. ಅಂಡಿಗೆಯ ಬಾಯಿ ಬಿಚ್ಚಿ ಖರೀದಿದಾರ ಒಂದು ಹಿಡಿ ಹತ್ತಿ ಎಳೆದು, ಎರಡು ಬೆರಳಿನಲ್ಲಿ ಎಳೆಯ ಉದ್ದ ನೋಡಿ, ಅಂಗೈಯಲ್ಲಿ ಒತ್ತಿ ತೇವ ಅಂದಾಜು ಮಾಡಿ ಮುಂದೆ ಹೋಗುತ್ತಾನೆ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಒಬ್ಬ ತೇವ ಜಾಸ್ತಿ ಎಂದು ದರ ಮುರಿದರೆ ಇನ್ನೊಬ್ಬ ಕೊಳ್ಳುತ್ತಾನೆ ಎಂಬ ಧೈರ್ಯ ರೈತನಿಗಿದೆ. ಕೊಳ್ಳುವವರು ಹೆಚ್ಚಿರುವುದರಿಂದ ಮಾಲು ಅಲ್ಲಿಗೆ ಬರುತ್ತದೆ. ಮಾಲು ಬರುವುದರಿಂದ ಜಿನ್ನಿಂಗ್ ಮಿಲ್ಲುಗಳು ಅಲ್ಲೇ ನಿಲ್ಲುತ್ತವೆ. ಮಿಲ್ಲುಗಳಿರುವುದರಿಂದ ಕೊಳ್ಳುವವರು ಇನ್ನೂ ಹೆಚ್ಚಾಗುತ್ತಾರೆ. ಸೈದಾಪುರದ ಕಡೆಯ ರೈತ ಜಿಲ್ಲೆಯ ಗಡಿ ದಾಟಿ ಅಲ್ಲಿಗೆ ಹೋಗುವುದು ಯಾವ ಆದೇಶದಿಂದಲೂ ಅಲ್ಲ. ಅವನನ್ನು ಯಾದಗಿರಿಗೆ ತಿರುಗಿಸಬೇಕೆಂದರೆ ಯಾದಗಿರಿಯಲ್ಲಿ ಹತ್ತಾರು ಖರೀದಿದಾರರು ನಿಲ್ಲಬೇಕು.

ಜರ್ಮನಿಯ ವಾಲ್ಟರ್ ಕ್ರಿಸ್ಟಲರ್ ಎಂಬ ಭೂಗೋಳ ಶಾಸ್ತ್ರಜ್ಞ 1933ರಲ್ಲಿ ತನ್ನ ನಾಡಿನ ದಕ್ಷಿಣ ಭಾಗದ ಪಟ್ಟಣಗಳನ್ನು ಅಧ್ಯಯನ ಮಾಡಿ ಇದಕ್ಕೊಂದು ಸಿದ್ಧಾಂತವನ್ನೇ ಕೊಟ್ಟ. ದಿನವೂ ಬೇಕಾದ ವಸ್ತುವಿಗೆ ಜನ ಹತ್ತಿರ ಹೋಗುತ್ತಾರೆ, ಅಪರೂಪಕ್ಕೆ ಬೇಕಾದದ್ದಕ್ಕೆ ದೂರ ಹೋಗುತ್ತಾರೆ. ಹಾಗಾಗಿ ಸಣ್ಣ ಕೇಂದ್ರಗಳು ಹಲವು, ದೊಡ್ಡ ಕೇಂದ್ರಗಳು ಕೆಲವು. ಉಪ್ಪಿಗೆ ಸೈದಾಪುರ, ಪಹಣಿಗೆ ಯಾದಗಿರಿ, ಹತ್ತಿಗೆ ರಾಯಚೂರು, ಹೃದಯದ ಆಪರೇಷನ್ನಿಗೆ ಕಲಬುರಗಿ ಅಥವಾ ಹೈದರಾಬಾದ್. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಒಂದು ಊರು ಎಲ್ಲಕ್ಕೂ ಕೇಂದ್ರವಾಗಬೇಕು ಎಂದು ಹಟ ಹಿಡಿದಾಗಲೇ ಮೇಜಿನ ಮೇಲಿರುವ ಒಂದೇ ಯೋಜನೆಗೆ ನಾಲ್ಕು ಊರು ಕಿತ್ತಾಡುವುದು.

ಆ ಕಿತ್ತಾಟ ಮೇಲಿನ ಹಂತದಲ್ಲಿ ಇನ್ನೂ ಜೋರು. ಕಲಬುರಗಿಗೆ ಹೈಕೋರ್ಟ್ ಸಂಚಾರಿ ಪೀಠ 2008ರಲ್ಲಿ ಬಂತು, 2013ರಲ್ಲಿ ಕಾಯಂ ಆಯಿತು. 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಕೇಂದ್ರೀಯ ವಿಶ್ವವಿದ್ಯಾಲಯ, ಇಎಸ್‌ಐ ವೈದ್ಯಕೀಯ ಕಾಲೇಜು ಅಲ್ಲಿವೆ. ಐಐಟಿಗೆ ಕಾದ ರಾಯಚೂರಿನ ಕೈತಪ್ಪಿ ಅದು ಧಾರವಾಡಕ್ಕೆ ಹೋಯಿತು. ಬದಲಿಗೆ ಐಐಐಟಿ ಸಿಕ್ಕಿತು. ಏಮ್ಸ್ ಆದರೂ ಬರಲಿ ಎಂದು ರಾಯಚೂರಿನ ಜನ 2022ರ ಮೇ 13ರಿಂದ ಧರಣಿ ಕೂತರು. ಆ ಧರಣಿ ಸಾವಿರ ದಿನ ದಾಟಿತು. ಕಲಬುರಗಿಗೆ ರೈಲ್ವೆ ವಿಭಾಗ ಎಂದು ಘೋಷಣೆಯಾಗಿ ದಶಕ ಕಳೆದರೂ ಕಲಬುರಗಿಯ ಹಳಿ ಸೊಲ್ಲಾಪುರ ವಿಭಾಗದಲ್ಲಿ, ಯಾದಗಿರಿಯ ಹಳಿ ಗುಂತಕಲ್ ವಿಭಾಗದಲ್ಲಿ ಉಳಿದಿದೆ. ಈ ಎರಡು ದೊಡ್ಡ ಊರುಗಳ ನಡುವೆ ಯಾದಗಿರಿ ಜಿಲ್ಲೆ ಅಕ್ಷರಶಃ ಹಂಚಿಹೋಗಿದೆ. ಸುರಪುರ, ಶಹಾಪುರ, ಯಾದಗಿರಿ ವಿಧಾನಸಭಾ ಕ್ಷೇತ್ರಗಳು ರಾಯಚೂರು ಲೋಕಸಭೆಗೆ, ಗುರುಮಠಕಲ್ ಕಲಬುರಗಿಗೆ. ದಿಲ್ಲಿಯಲ್ಲಿ ಯಾದಗಿರಿ ಜಿಲ್ಲೆಯದೇ ಎನ್ನಬಹುದಾದ ಸಂಸದ ಇಲ್ಲ. ಇಬ್ಬರಿದ್ದರೂ ಇಬ್ಬರಿಗೂ ಮೊದಲು ನೆನಪಾಗುವುದು ತಮ್ಮ ತಮ್ಮ ದೊಡ್ಡ ಊರು.

ಜಗಳವಾಡುವ ಊರುಗಳನ್ನು ಒಂದೇ ಆಡಳಿತದ ಕೆಳಗೆ ತಂದರೆ ಸರಿಹೋಗುತ್ತದೆ ಎನ್ನುವವರು ಹುಬ್ಬಳ್ಳಿ ಧಾರವಾಡದ ಕಡೆ ನೋಡಬೇಕು. 1962ರಲ್ಲಿ ಎರಡನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಅರುವತ್ತು ವರ್ಷ ಕಳೆದರೂ ಧಾರವಾಡದವರ 'ಎಲ್ಲಾ ಹುಬ್ಬಳ್ಳಿಗೆ ಹೋಗ್ತದ' ಎಂಬ ಕೊರಗು ಹೋಗಲಿಲ್ಲ. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ಸಂಪುಟ ಒಪ್ಪಬೇಕಾಯಿತು.

ನಮ್ಮ ಕಡೆ ಈಗ ತುರ್ತಾಗಿ ಗಮನಿಸಬೇಕಾದದ್ದು ಹಾಕುತ್ತಿರುವ ಹೊಸ ಹಳಿಗಳನ್ನು. ಹಳೆಯ ಲೆಕ್ಕಾಚಾರವನ್ನೆಲ್ಲ ಅವು ತಿರುವಿಹಾಕಲಿವೆ. ಗದಗ–ವಾಡಿ ಮಾರ್ಗ ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರದ ಮೇಲೆ ಸಾಗಿ ವಾಡಿಯಲ್ಲಿ ಹಳೆಯ ಹಳಿಗೆ ಕೂಡುತ್ತದೆ. ಗದಗ ಕಡೆಯಿಂದ ಕುಷ್ಟಗಿವರೆಗೆ 2025ರಲ್ಲಿ ರೈಲು ಓಡಿದೆ. ಅದು ಪೂರ್ತಿಯಾದ ದಿನ ಸಗರನಾಡಿಗೆ ಮೊದಲ ಬಾರಿ ರೈಲು ಬರುತ್ತದೆ, ಅದು ಬರಲೇಬೇಕು. ಆದರೆ ಆ ರೈಲು ಯಾದಗಿರಿಯನ್ನು ಮುಟ್ಟುವುದಿಲ್ಲ. ಶಹಾಪುರದವನು ವಾಡಿ ಮೂಲಕ ನೇರವಾಗಿ ಕಲಬುರಗಿ ಸೇರುತ್ತಾನೆ, ಹಿಂದಕ್ಕೆ ಹೋದರೆ ಹುಬ್ಬಳ್ಳಿ. ಜಿಲ್ಲಾ ಕೇಂದ್ರಕ್ಕೆ ಮಾತ್ರ ಮತ್ತೆ ಬಸ್ಸು ಹಿಡಿದು ಭೀಮಾ ಸೇತುವೆ ದಾಟಬೇಕು. ಇತ್ತ ಪೂರ್ವದಲ್ಲಿ ಕೃಷ್ಣಾ ಸ್ಟೇಷನ್ನಿನಿಂದ ಮಹಬೂಬನಗರದ ಕಡೆಗೆ ಹೊಸ ಹಳಿ 2023ರ ಅಕ್ಟೋಬರಿನಲ್ಲಿ ತೆರೆಯಿತು. ರಾಯಚೂರಿನಿಂದ ಹೈದರಾಬಾದಿಗೆ ಹತ್ತಿರದ ದಾರಿಯಾಯಿತು. ಕಡೇಚೂರಿಗೆ ಕೃಷ್ಣಾ ಸ್ಟೇಷನ್ ದೂರವೇನಲ್ಲ. ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಿಗೆ, ಔಷಧ ಕಂಪನಿಗಳಿಗೆ, ರೋಗಿಗಳಿಗೆ ಹೈದರಾಬಾದಿನ ಸೆಳೆತ ಇನ್ನಷ್ಟು ಹೆಚ್ಚುತ್ತದೆ. ಪಶ್ಚಿಮದ ಅರ್ಧ ಕಲಬುರಗಿ, ಹುಬ್ಬಳ್ಳಿಯ ಕಡೆಗೂ ಪೂರ್ವದ ಅರ್ಧ ರಾಯಚೂರು, ಹೈದರಾಬಾದಿನ ಕಡೆಗೂ ಹೊರಳಿದರೆ, ಮೂರು ಊರುಗಳು ಯಾವ ಕಿರೀಟಕ್ಕಾಗಿ ಗುದ್ದಾಡುತ್ತಿವೆಯೋ ಆ ಜಿಲ್ಲೆಯೇ ಹೆಸರಿಗಷ್ಟೇ ಒಂದಾಗಿ ಉಳಿಯುತ್ತದೆ.

ಇದನ್ನು ತಡೆಯಬಲ್ಲದ್ದು ಆಲಮಟ್ಟಿ–ಯಾದಗಿರಿ ಮಾರ್ಗ. ಮುದ್ದೇಬಿಹಾಳ, ಹುಣಸಗಿ, ಸುರಪುರ, ಶಹಾಪುರದ ಮೇಲೆ ಹಾದು ಭೀಮೆ ದಾಟಿ ಯಾದಗಿರಿ ಸೇರಬೇಕಾದ ಈ ಹಳಿಗೆ ಬೇಡಿಕೆ ಎಷ್ಟು ಹಳೆಯದೆಂದರೆ ಹೋರಾಟ ಶುರುಮಾಡಿದವರ ಮಕ್ಕಳೂ ಈಗ ಅರ್ಜಿ ಬರೆಯುತ್ತಿದ್ದಾರೆ. ಜಿಲ್ಲಾ ಕೇಂದ್ರದ ರೈಲನ್ನೂ ಹೊಳೆಯಾಚೆಯ ಕಾಲುವೆಯನ್ನೂ ಒಂದು ಮಾಡುವ ಹಳಿ ಇದೊಂದೇ. ಮೂರು ಊರಿನ ಶಾಸಕರು, ವ್ಯಾಪಾರಿಗಳು, ವಕೀಲರ ಸಂಘಗಳು ಒಂದೇ ಕಾಗದಕ್ಕೆ ಸಹಿ ಹಾಕಿ ಇಬ್ಬರೂ ಸಂಸದರ ಕೈಗೆ ಕೊಡಬೇಕಾದ ಬೇಡಿಕೆ ಇದ್ದರೆ ಅದು ಇದು. ಕಡೇಚೂರಿನ ಬೇಡಿಕೆಗಳು ಇಷ್ಟು ದೊಡ್ಡವಲ್ಲ, ಇಷ್ಟು ವರ್ಷ ಕಾಯಬೇಕಾದವೂ ಅಲ್ಲ: ಪಾಳಿ ಬದಲಾಗುವ ಹೊತ್ತಿಗೆ ಸೈದಾಪುರದಲ್ಲಿ ನಿಲ್ಲುವ ಪ್ಯಾಸೆಂಜರ್ ರೈಲು, ಕೈಗಾರಿಕಾ ಪ್ರದೇಶದ ಬೇಲಿಯ ಪಕ್ಕದಲ್ಲೇ ವೆಲ್ಡಿಂಗ್ ಮತ್ತು ಕೆಮಿಕಲ್ ಪ್ಲಾಂಟ್ ಕೆಲಸ ಕಲಿಸುವ ಐಟಿಐ, ಭೂಮಿ ಕೊಟ್ಟ ಮನೆಯ ಮಕ್ಕಳಿಗೆ ಅದರಲ್ಲಿ ಮೊದಲ ಸೀಟು, ಗಾಳಿ ಮತ್ತು ಬೋರ್‌ವೆಲ್ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಹಚ್ಚುವ ವ್ಯವಸ್ಥೆ, ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಯಾದಗಿರಿಗೋ ರಾಯಚೂರಿಗೋ ಎಂದು ಯೋಚಿಸುತ್ತ ನಿಲ್ಲದಂತೆ ಸೈದಾಪುರದಲ್ಲೇ ಸದಾ ವೈದ್ಯರಿರುವ ಆಸ್ಪತ್ರೆ. ಮುಂದಿನ ಬಜೆಟ್ಟಿಗೆ ಕಲ್ಯಾಣ ಕರ್ನಾಟಕ ಮಂಡಳಿ ಪಟ್ಟಿ ಮಾಡಲು ಕೂತಾಗ ಈ ಐದನ್ನು ಮೊದಲು ಬರೆದುಕೊಳ್ಳಲಿ.